ಜಗಲಿಯನ್ನು ಕೋಣೆ ಮಾಡುವ ಮುನ್ನ

ಮನೆ ಕಟ್ಟಿಸುವಾಗ ಧಾರಾಳವೆನಿಸಿದ ಜಾಗ ಹತ್ತು ವರ್ಷಗಳಲ್ಲಿ ಸಾಲದಾಗುವುದು ಲೋಕದ ವಾಡಿಕೆ. ಮಗನಿಗೆ ಮದುವೆಯಾಗುತ್ತದೆ, ಮಗಳು ಪರೀಕ್ಷೆಗೆ ಓದಲು ಒಂದು ಮೂಲೆ ಕೇಳುತ್ತಾಳೆ, ಊರಿನಲ್ಲಿದ್ದ ವಯಸ್ಸಾದ ತಂದೆತಾಯಿ ಬಂದು ನೆಲೆಸುತ್ತಾರೆ. ಹೊಸ ಕೋಣೆ ಎತ್ತಿಸಲು ನಿವೇಶನದಲ್ಲಿ ಸ್ಥಳವಿಲ್ಲ, ಮಹಡಿ ಕಟ್ಟಿಸಲು ಕೈಯಲ್ಲಿ ಹಣವಿಲ್ಲ. ಇಂಥ ಸಮಯದಲ್ಲಿ ಯಜಮಾನನ ಕಣ್ಣು ಜಗಲಿಯ ಮೇಲೆ ಬೀಳುತ್ತದೆ. ಮೇಲೆ ಸೂರಿದೆ, ಕೆಳಗೆ ನೆಲವಿದೆ, ಹಿಂದೆ ಮನೆಯ ಗೋಡೆಯಿದೆ. ಉಳಿದ ಕಡೆ ಒಂದಿಷ್ಟು ಇಟ್ಟಿಗೆ ಕಟ್ಟಿ ಒಂದು ಕಿಟಕಿ ಇಟ್ಟರೆ ಕೋಣೆ ಸಿದ್ಧ ಎಂದು ಆತ ಲೆಕ್ಕ ಹಾಕುತ್ತಾನೆ. ಮೇಸ್ತ್ರಿಯೂ "ಅದೇನು ಮಹಾ, ಹದಿನೈದು ದಿನದ ಕೆಲಸ ಸ್ವಾಮಿ" ಎಂದುಬಿಡುತ್ತಾನೆ.

ಕೆಲಸ ಹದಿನೈದು ದಿನದ್ದೇ ಇರಬಹುದು. ಅದರ ಫಲವನ್ನು ಮಾತ್ರ ಮನೆಯವರು ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ. ಜಗಲಿಯನ್ನು ಮುಚ್ಚಲೇಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮುಚ್ಚುವ ಮುನ್ನ ಏನನ್ನು ನೋಡಬೇಕು, ಮುಚ್ಚುವಾಗ ಯಾವ ಎಚ್ಚರ ಬೇಕು ಎಂಬುದನ್ನು ತಿಳಿಸುವುದಷ್ಟೇ ಉದ್ದೇಶ. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿ ಪಾಠ ಕಲಿತವನಾದ್ದರಿಂದ ಹೇಳಲು ಸ್ವಲ್ಪ ಅಧಿಕಾರವೂ ಉಂಟೆಂದು ಭಾವಿಸುತ್ತೇನೆ.

ಜಗಲಿ ಮಾಡುವ ಕೆಲಸ

ಜಗಲಿ ಎಂದರೆ ಬಂದವರು ಕುಳಿತು ಮಾತನಾಡುವ ಜಾಗ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಒಂದೊಂದು ಸೀಮೆಯಲ್ಲಿ ಅದಕ್ಕೆ ಒಂದೊಂದು ರೂಪ, ಒಂದೊಂದು ಹೆಸರು. ಒಂದು ಕಡೆ ಜಗಲಿ, ಇನ್ನೊಂದು ಕಡೆ ಪಡಸಾಲೆ, ಮತ್ತೊಂದು ಕಡೆ ಚಾವಡಿ. ಪೇಟೆಯ ಮನೆಗಳಲ್ಲಿ ವೆರಾಂಡಾ. ಇಂಗ್ಲಿಷರು ಈ ಕೊನೆಯ ಮಾತನ್ನು ಕಲಿತದ್ದು ಭಾರತಕ್ಕೆ ಬಂದ ಮೇಲೆಯೇ. ಮಾತಿನೊಡನೆ ಆ ಕಟ್ಟಡದ ಉಪಯೋಗವನ್ನೂ ಕಲಿತು ಬೆಂಗಳೂರಿನ ದಂಡಿನ ಬಂಗಲೆಗಳಿಗೆಲ್ಲ ಮುಂದೊಂದು ವೆರಾಂಡಾ ಇಟ್ಟರು.

ಆ ಉಪಯೋಗ ಯಾವುದು? ಜಗಲಿಯೆಂಬುದು ಒಳಗೋಡೆಗೆ ಹಿಡಿದ ಕೊಡೆ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಡಿಸೆಂಬರ್ 22ರ ಸುಮಾರಿಗೆ ಅಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ವರ್ಷದ ನಡುಹಗಲುಗಳಲ್ಲಿ ಇದೇ ಅತ್ಯಂತ ತಗ್ಗಿನ ನೆಲೆ. ದಕ್ಷಿಣಕ್ಕೆ ಮುಖ ಮಾಡಿದ ಜಗಲಿ 6 ಅಡಿ ಅಗಲವಿದ್ದು ಅದರ ಸೂರಿನ ಅಂಚು 8 ಅಡಿ ಎತ್ತರದಲ್ಲಿದ್ದರೆ, ಆ ದಿನದ ನಡುಹಗಲ ಬಿಸಿಲು ಕೂಡ ಒಳಗೋಡೆಯ ಬುಡದವರೆಗೆ ಬಂದು ನಿಲ್ಲುತ್ತದೆ; ಗೋಡೆಯನ್ನು ಹತ್ತುವುದಿಲ್ಲ. ಲೆಕ್ಕ ಬಲ್ಲ ವಾಚಕರು ಕಾಗದದ ಮೇಲೆ ಗೆರೆ ಎಳೆದು ಇದನ್ನು ಪರೀಕ್ಷಿಸಬಹುದು. ಬಿಸಿಲು ತಾಗದ ಗೋಡೆ ತಂಪಾಗಿರುತ್ತದೆ. ಎರಚಲು ತಾಗದ ಗೋಡೆ ಒಣಗಿರುತ್ತದೆ. ಆದರೆ ಬೆಳಕಿಗೂ ಗಾಳಿಗೂ ತಡೆಯಿಲ್ಲ. ಜೋರು ಮಳೆಯಲ್ಲಿಯೂ ನಡುಮನೆಯ ಕಿಟಕಿಯನ್ನು ತೆರೆದೇ ಇಡಬಹುದು. ಬಿಸಿಲು, ಮಳೆಗಳನ್ನು ಹೊರಗೆ ನಿಲ್ಲಿಸಿ ಬೆಳಕು, ಗಾಳಿಗಳನ್ನು ಮಾತ್ರ ಒಳಗೆ ಬಿಡುವ ಇಂಥ ಬಾಗಿಲುಕಾಯುವವನು ಬೇರೆ ಯಾವನಿದ್ದಾನೆ?

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಜಗಲಿಯನ್ನು ಮುಚ್ಚಿದಾಗ ನಾವು ಒಂದು ಕೋಣೆಯನ್ನು ಪಡೆಯುತ್ತೇವೆ ನಿಜ. ಅದರ ಹಿಂದಿರುವ ಇನ್ನೊಂದು ಕೋಣೆಯ ಬೆಳಕನ್ನೂ ಗಾಳಿಯನ್ನೂ ಬೆಲೆಯಾಗಿ ಕೊಡುತ್ತೇವೆ. ಮೇಸ್ತ್ರಿಯ ಅಂದಾಜು ಪಟ್ಟಿಯಲ್ಲಿ ಈ ಬೆಲೆ ಕಾಣುವುದಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದು

ಮಲೆನಾಡಿನ ಅಂಚಿನ ಒಂದು ಪೇಟೆಯಲ್ಲಿ ನಮ್ಮದು ಹಂಚಿನ ಮನೆ. ಮಗಳು ಹತ್ತನೆಯ ತರಗತಿಗೆ ಬಂದ ವರ್ಷ ಅವಳಿಗೆ ಓದಲು ಕೋಣೆ ಬೇಕೆಂದು ಮುಂದಿನ ಜಗಲಿಯನ್ನು ಉದ್ದಕ್ಕೂ ಮುಚ್ಚಿಸಿದೆ. ಕೋಣೆ ಚೆನ್ನಾಗಿಯೇ ಆಯಿತು. ಅದರ ಹಿಂದಿನ ನಡುಮನೆಯಲ್ಲಿ ನಮ್ಮ ತಾಯಿಯವರು ಇರುತ್ತಿದ್ದರು. ಕಿಟಕಿಯ ಕೆಳಗೆ ಕುಳಿತು ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು ಅವರ ಮಧ್ಯಾಹ್ನದ ಕೆಲಸ.

ಎರಡು ತಿಂಗಳು ಕಳೆಯುವುದರೊಳಗೆ ಊಟದಲ್ಲಿ ಆಗಾಗ ಕಲ್ಲು ಸಿಕ್ಕಲಾರಂಭಿಸಿತು. ಅಮ್ಮನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದುಕೊಂಡೆವು. "ಇನ್ನು ಆ ಕೆಲಸ ನಿಮಗೇಕಮ್ಮಾ" ಎಂದು ಮೊರವನ್ನು ಅವರ ಕೈಯಿಂದ ತೆಗೆದದ್ದೂ ಆಯಿತು. ಅವರು ಏನೂ ಹೇಳಲಿಲ್ಲ. ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋದಾಗ ಅವರು ಪರೀಕ್ಷೆ ಮಾಡಿ, ಕನ್ನಡಕದ ನಂಬರು ಹಿಂದಿನಷ್ಟೇ ಇದೆ ಎಂದರು. ಬಳಿಕ, "ಇವರು ಕೆಲಸ ಮಾಡುವ ಜಾಗದಲ್ಲಿ ಬೆಳಕು ಹೇಗಿದೆ?" ಎಂದು ಕೇಳಿದರು. ಆಗ ನನಗೆ ವಿಷಯ ಹೊಳೆಯಿತು. ಮಂಜಾದದ್ದು ಅಮ್ಮನ ಕಣ್ಣಲ್ಲ, ನಮ್ಮ ನಡುಮನೆ.

ನಿಯಮ ಏನು ಹೇಳುತ್ತದೆ?

ಈ ಅನುಭವ ನನ್ನೊಬ್ಬನದೇ ಅಲ್ಲವೆಂಬುದಕ್ಕೆ ಕಟ್ಟಡದ ನಿಯಮಗಳೇ ಸಾಕ್ಷಿ. 1970ರಲ್ಲಿ ಮೊದಲ ಬಾರಿಗೆ ಪ್ರಕಟವಾಗಿ, 1983, 2005 ಮತ್ತು 2016ರಲ್ಲಿ ಪರಿಷ್ಕಾರ ಹೊಂದಿದ ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ಗ್ರಂಥವೊಂದುಂಟು. ವಾಸದ ಕೋಣೆಯ ಕಿಟಕಿಗಳು ನೇರವಾಗಿ ಬಯಲಿಗೆ ತೆರೆಯಬೇಕು, ಇಲ್ಲವೆ 2.4 ಮೀಟರಿಗಿಂತ, ಎಂದರೆ ಸುಮಾರು 8 ಅಡಿಗಿಂತ, ಹೆಚ್ಚು ಅಗಲವಿಲ್ಲದ ತೆರೆದ ವೆರಾಂಡಾಕ್ಕೆ ತೆರೆಯಬೇಕು ಎಂದು ಅದು ಹೇಳುತ್ತದೆ. "ತೆರೆದ" ಎಂಬ ಮಾತನ್ನು ಗಮನಿಸಬೇಕು. ವೆರಾಂಡಾವನ್ನು ಮುಚ್ಚಿದ ದಿನ ಒಳಗಿನ ಕಿಟಕಿ ಹೆಸರಿಗೆ ಮಾತ್ರ ಕಿಟಕಿಯಾಗಿ ಉಳಿಯುತ್ತದೆ.

ಕಿಟಕಿಗಳ ಒಟ್ಟು ಅಳತೆಗೂ ಅಲ್ಲಿ ಲೆಕ್ಕವಿದೆ. ಬಾಗಿಲುಗಳನ್ನು ಬಿಟ್ಟು, ಕಿಟಕಿ ಬೆಳಕಿಂಡಿಗಳ ಒಟ್ಟು ವಿಸ್ತೀರ್ಣ ಬಿಸಿಲು ಒಣಹವೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತನೆಯ ಒಂದು ಪಾಲು, ಸೆಕೆ ತೇವಗಳ ಸೀಮೆಯಲ್ಲಿ ಆರನೆಯ ಒಂದು ಪಾಲು, ಇವೆರಡರ ನಡುವಣ ಹವೆಯಲ್ಲಿ ಎಂಟನೆಯ ಒಂದು ಪಾಲಿಗೆ ಕಡಿಮೆಯಾಗಬಾರದು. 12 ಅಡಿ ಉದ್ದ, 8 ಅಡಿ ಅಗಲದ ಜಗಲಿಯನ್ನು ತೆಗೆದುಕೊಳ್ಳೋಣ. ನೆಲ 96 ಚದರ ಅಡಿ. ಎಂಟನೆಯ ಪಾಲೆಂದರೆ 12 ಚದರ ಅಡಿ. ಕರಾವಳಿಯಾದರೆ 16 ಚದರ ಅಡಿ. ಇದು ಹೊಸ ಕೋಣೆಯೊಂದಕ್ಕೇ ಬೇಕಾದದ್ದು. ಹಿಂದಿನ ಕೋಣೆಗೆ ಬೇರೆ ದಿಕ್ಕಿನಲ್ಲಿ ಕಿಟಕಿಯಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ಕೋಣೆಯ ಪಾಯ ತೆಗೆಯುವ ಮೊದಲು ಹಳೆಯ ಕೋಣೆಗೆ ಕಿಟಕಿ ತೆರೆಯುವ ಯೋಚನೆ ಮಾಡತಕ್ಕದ್ದು.

ಗೋಡೆಯ ಭಾರ

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ಜಗಲಿಯ ಸೂರಿನ ಭಾರ ಕಂಬಗಳ ಮೇಲಿರುತ್ತದೆ. ಕಂಬಗಳ ಕೆಳಗೆ ಗಟ್ಟಿಯಾದ ಪಾಯವಿದ್ದರೂ ಎರಡು ಕಂಬಗಳ ನಡುವೆ ಬಹಳ ಕಡೆ ಮಣ್ಣು ತುಂಬಿ ಹಾಸಿದ ಕಲ್ಲುಚಪ್ಪಡಿಯಷ್ಟೇ ಇರುತ್ತದೆ. ಜನ ಕೂರಲು ಅದು ಸಾಕು. ಗೋಡೆ ಕೂರಲು ಸಾಲದು. 10 ಅಡಿ ಉದ್ದ, 9 ಅಡಿ ಎತ್ತರ, 9 ಅಂಗುಲ ದಪ್ಪದ ಇಟ್ಟಿಗೆ ಗೋಡೆ ಸುಮಾರು ಮೂರೂವರೆ ಟನ್ನು ತೂಗುತ್ತದೆ. ಇಷ್ಟು ಭಾರವನ್ನು ಚಪ್ಪಡಿಯ ಮೇಲೆ ಹೇರಿದರೆ ಒಂದೆರಡು ಮಳೆಗಾಲಗಳಲ್ಲಿ ಅದು ಕುಸಿದು, ಹೊಸ ಗೋಡೆ ಹಳೆಯ ಗೋಡೆಯನ್ನು ಕೂಡುವ ಮೂಲೆಯಲ್ಲಿ ಮೇಲಿಂದ ಕೆಳಗೆ ಬಿರುಕು ಕಾಣಿಸಿಕೊಳ್ಳುತ್ತದೆ. ಎರೆಮಣ್ಣಿನ ಸೀಮೆಯಲ್ಲಿ ಇದು ಇನ್ನೂ ಬೇಗ; ಆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವಂಥದು.

ಆದುದರಿಂದ ಇಟ್ಟಿಗೆ ಗೋಡೆಯೇ ಬೇಕೆಂದರೆ ಆ ಸಾಲಿನಲ್ಲಿ ಚಪ್ಪಡಿಯನ್ನು ಎತ್ತಿ ಗಟ್ಟಿ ನೆಲ ಸಿಕ್ಕುವವರೆಗೆ ಅಗೆದು ಪಾಯ ಹಾಕಿಸಿ. ಅದು ಆಗದಿದ್ದರೆ ಹಗುರವಾದ ವಸ್ತುವನ್ನು ಆರಿಸಿಕೊಳ್ಳಿ. ಈಗ ದೊರೆಯುವ ರಂಧ್ರಮಯ ಕಾಂಕ್ರೀಟ್ ಇಟ್ಟಿಗೆಗಳು ಸುಟ್ಟ ಇಟ್ಟಿಗೆಯ ಮೂರನೆಯ ಒಂದು ಭಾಗದಷ್ಟು ಮಾತ್ರ ತೂಗುತ್ತವೆ. ಸೊಂಟದೆತ್ತರಕ್ಕೆ ಗೋಡೆ ಕಟ್ಟಿ ಮೇಲೆ ಮರದ ಚೌಕಟ್ಟಿನಲ್ಲಿ ಉದ್ದಕ್ಕೂ ಕಿಟಕಿ ಕೂರಿಸುವುದು ಇನ್ನೂ ಉತ್ತಮ. ಭಾರ ಕಡಿಮೆ, ಬೆಳಕು ಹೆಚ್ಚು. ಯಾವುದೇ ಇರಲಿ, ಹಳೆಯ ಕಂಬಗಳನ್ನು ತೆಗೆಯಬೇಡಿ, ಕೆತ್ತಬೇಡಿ. ಸೂರು ನಿಂತಿರುವುದು ಅವುಗಳ ಮೇಲೆ. ಮರದ ಕಂಬವನ್ನು ಗೋಡೆಯೊಳಗೆ ಹುದುಗಿಸಿದರೆ ಗೆದ್ದಲು ಹತ್ತಿದರೂ ಹೊರಗೆ ತಿಳಿಯುವುದಿಲ್ಲ; ಒಂದು ಮುಖವಾದರೂ ಕಣ್ಣಿಗೆ ಕಾಣುವಂತಿರಲಿ.

ನೆಲ ಮತ್ತು ಸೂರು

ಜಗಲಿಯ ನೆಲ ಮಟ್ಟಸವಾಗಿರುವುದಿಲ್ಲ. ಬಿದ್ದ ನೀರು ಹರಿದುಹೋಗಲೆಂದು ಹೊರಗಡೆಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಮೇಲಾಗಿ ಅದು ಒಳಗಿನ ನೆಲಕ್ಕಿಂತ ಒಂದೆರಡು ಅಂಗುಲವೋ ಒಂದು ಮೆಟ್ಟಿಲೋ ತಗ್ಗಿನಲ್ಲಿರುತ್ತದೆ. ಕೋಣೆಯಾದ ಮೇಲೆ ಈ ತಗ್ಗು ವಯಸ್ಸಾದವರಿಗೂ ಮಕ್ಕಳಿಗೂ ಎಡವಲು ಕಾರಣವಾಗುತ್ತದೆ. ನೆಲವನ್ನು ಎತ್ತರಿಸಿ ಒಳನೆಲಕ್ಕೆ ಸಮ ಮಾಡುವುದು ಒಳ್ಳೆಯದು. ಆದರೆ ಎತ್ತರಿಸಿದಷ್ಟೂ ತಲೆಯ ಮೇಲಿನ ಎತ್ತರ ಕಡಿಮೆಯಾಗುತ್ತದೆಂಬುದನ್ನು ನೆನಪಿಡಬೇಕು. ಎತ್ತರಿಸುವಾಗ ಕೆಳಗಿನ ತೇವ ಮೇಲೇರದಂತೆ ತಡೆಯುವ ಪದರವೊಂದನ್ನು ನೆಲಕ್ಕೂ ಹೊಸ ಗೋಡೆಯ ಬುಡಕ್ಕೂ ಹಾಕಿಸಿ. ಇದನ್ನು ಆಮೇಲೆ ಹಾಕಲು ಬರುವುದಿಲ್ಲ.

ಗೋಡೆಯನ್ನು ಜಗಲಿಯ ತುತ್ತತುದಿಗೆ ಕಟ್ಟಿ ನಾಲ್ಕು ಅಂಗುಲ ಜಾಗ ಗಳಿಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ತಡೆದುಕೊಳ್ಳಬೇಕು. ಇದುವರೆಗೆ ಒಳಗಡೆ ಸುರಕ್ಷಿತವಾಗಿದ್ದ ಗೋಡೆಯ ಬದಲು ಇನ್ನು ಮುಂದೆ ಎರಚಲಿಗೆ ಮೈಯೊಡ್ಡುವುದು ಈ ಹೊಸ ಗೋಡೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನ ಮಾತು ಹಾಗಿರಲಿ, ಬಯಲುಸೀಮೆಯ ಒಂದು ಅಡ್ಡಮಳೆ ಸಾಕು, ಗೋಡೆಯ ಒಳಮೈಯಲ್ಲಿ ತೇವದ ಕಲೆ ಮೂಡಲು. ಸೂರಿನ ಅಂಚು ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಚಾಚಿರಲಿ. ಸೂರಿನ ನೀರು ಬೀಳುವ ಜಾಗಕ್ಕೆ ಕಲ್ಲು ಹಾಸಿ, ಹರಿದುಹೋಗಲು ಕಾಲುವೆ ಮಾಡಿಸಿ.

ಸೂರು ಹಂಚಿನದಾದರೆ ಅನುಕೂಲ. ಹಂಚಿನ ಸಂದುಗಳಲ್ಲಿ ಗಾಳಿ ಆಡುತ್ತದೆ. ನಡುನಡುವೆ ಗಾಜಿನ ಹಂಚುಗಳನ್ನು ಕೂರಿಸಬಹುದು. ಕಬ್ಬಿಣದ ತಗಡಾದರೆ ಮಧ್ಯಾಹ್ನ ಕೋಣೆ ಕಾದ ಕಾವಲಿಯಾಗುತ್ತದೆ. ಅದರ ಕೆಳಗೆ ಅರ್ಧ ಅಡಿಯಾದರೂ ತೆರಪು ಬಿಟ್ಟು ಮುಚ್ಚಿಗೆ ಹಾಕಿ, ಆ ತೆರಪಿನ ಬಿಸಿಗಾಳಿ ಹೊರಹೋಗಲು ಎರಡು ಕಡೆ ಕಿಂಡಿ ಇಡಬೇಕು. ಹಳೆಯ ಕಲ್ನಾರಿನ ಶೀಟುಗಳಿದ್ದರೆ ಅವನ್ನು ಕೊರೆಯುವುದು, ಗರಗಸದಿಂದ ಕೊಯ್ಯುವುದು, ಒಡೆಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಮಾರಕ ರೋಗ ತರಬಲ್ಲದೆಂಬುದು ಈಗ ಸಿದ್ಧವಾಗಿರುವ ಮಾತು.

ವಾಸದ ಕೋಣೆಗೆ 2.75 ಮೀಟರ್, ಎಂದರೆ ಸುಮಾರು 9 ಅಡಿ, ಎತ್ತರ ಬೇಕೆಂದು ಸಂಹಿತೆ ಹೇಳುತ್ತದೆ. ಇಳಿಜಾರು ಸೂರಿನ ಜಗಲಿಯಲ್ಲಿ ಹೊರ ಅಂಚಿನ ಬಳಿ ಅನೇಕ ವೇಳೆ ಏಳಡಿಯೂ ಸಿಕ್ಕುವುದಿಲ್ಲ. ಅಂಥಲ್ಲಿ ಸೂರನ್ನೇ ಎತ್ತರಿಸಲು ಸಾಧ್ಯವೇ ಎಂದು ಬಡಗಿಯನ್ನು ಕೇಳಬೇಕು. ಸಾಧ್ಯವಿಲ್ಲದಿದ್ದರೆ ಅದು ಹಗಲಿನಲ್ಲಿ ಕುಳಿತು ಓದುವ ಜಾಗವಾಗಲಿ. ಮಲಗುವ ಕೋಣೆ ಮಾಡುವ ಆಸೆ ಬೇಡ.

ದಿಕ್ಕು ಮತ್ತು ಗಾಜು

ಪಡುವಣದ ಜಗಲಿಯನ್ನು ಗಾಜಿನಿಂದ ಮುಚ್ಚುವವರು ವಿಶೇಷವಾಗಿ ಯೋಚಿಸಬೇಕು. ಸಂಜೆಯ ಸೂರ್ಯ ಕೆಳಗಿಳಿದು ಸೂರಿನ ಅಡಿಯಿಂದಲೇ ಒಳಗೆ ಇಣುಕುತ್ತಾನೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಒಳಗೆ ಕಾದ ನೆಲ ಗೋಡೆಗಳು ಹೊರಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಕೋಣೆ ರಾತ್ರಿ ಹತ್ತರವರೆಗೂ ಬೇಯುತ್ತದೆ. ಅಲ್ಲಿ ಗಾಜಿಗಿಂತ ಮರದ ಪಟ್ಟಿಗಳ ಜಾಲರಿ ಮೇಲು. ಬೆಂಗಳೂರಿನ ಹಳೆಯ ಬಂಗಲೆಗಳ ಮುಂದೆ ಅಂಥ ಜಾಲರಿಯನ್ನು ಕಂಡವರುಂಟು. ಗಾಜೇ ಬೇಕೆಂದರೆ ಹೊರಗಡೆ ಬಿದಿರು ತಟ್ಟಿಯನ್ನು ಇಳಿಬಿಡಿ. ತೆರೆಯನ್ನು ಗಾಜಿನ ಒಳಗೆ ಕಟ್ಟಿದರೆ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ.

ಮರೆಯಬಾರದ ಮೂರು ಮಾತು

ಮೊದಲನೆಯದು, ಅಗ್ನಿ ಮತ್ತು ಅನಿಲ. ಹಿತ್ತಿಲ ಜಗಲಿಯಲ್ಲಿ ನೀರು ಕಾಯಿಸುವ ಗ್ಯಾಸ್ ಗೀಸರನ್ನೋ ಹಂಡೆಯ ಒಲೆಯನ್ನೋ ಇಟ್ಟಿರುವ ಮನೆಗಳು ಅನೇಕ. ಜಗಲಿ ತೆರೆದಿರುವಾಗ ಅಪಾಯ ಕಡಿಮೆ. ಅದನ್ನು ಮುಚ್ಚಿದ ಮೇಲೂ ಅವು ಅಲ್ಲೇ ಉಳಿದರೆ ಪ್ರಾಣಕ್ಕೇ ಕುತ್ತು. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವುದರೊಳಗೆ ಕೈಕಾಲು ಸೋತಿರುತ್ತದೆ. ಗೀಸರನ್ನು ಬಯಲಿಗೆ ಸ್ಥಳಾಂತರಿಸದೆ ಹಿತ್ತಿಲ ಜಗಲಿಯನ್ನು ಮುಚ್ಚಲೇಬೇಡಿ. ಅಡಿಗೆಯ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಸಿಲಿಂಡರ್ ಇರುವ ಕಡೆ ಗೋಡೆಯ ಬುಡದಲ್ಲಿಯೂ ಬಯಲಿಗೆ ತೆರೆದ ಕಿಂಡಿ ಇರಬೇಕು.

ಎರಡನೆಯದು, ವಿದ್ಯುತ್ತು. ಜಗಲಿಯ ತಂತಿಯನ್ನು ಒಂದು ದೀಪಕ್ಕಾಗಿ ಎಳೆದಿರುತ್ತಾರೆ. ಅದಕ್ಕೇ ಫ್ಯಾನು, ಇಸ್ತ್ರಿಪೆಟ್ಟಿಗೆ, ಕಂಪ್ಯೂಟರುಗಳನ್ನು ಸೇರಿಸಬಾರದು. ಭೂಸಂಪರ್ಕವಿರುವ ಹೊಸ ತಂತಿಯನ್ನು ಪರವಾನಗಿ ಪಡೆದ ಕೆಲಸಗಾರನಿಂದಲೇ ಹಾಕಿಸಿ. ಬಹಳ ಮನೆಗಳಲ್ಲಿ ಮೀಟರು, ಮುಖ್ಯ ಸ್ವಿಚ್ಚುಗಳು ಜಗಲಿಯ ಗೋಡೆಯಲ್ಲೇ ಇರುತ್ತವೆ. ಅವನ್ನು ಹೊಸ ಕೋಣೆಯ ಬೀರುವಿನ ಹಿಂದೆ ಮುಚ್ಚಿಹಾಕುವುದು ಸಲ್ಲದು. ಸ್ಥಳ ಬದಲಾಯಿಸಬೇಕಾದರೆ ವಿದ್ಯುತ್ ಕಚೇರಿಗೆ ಅರ್ಜಿ ಕೊಡಬೇಕು.

ಮೂರನೆಯದು, ಅನುಮತಿ. ತೆರೆದ ವೆರಾಂಡಾಕ್ಕೆ ನಿಯಮದಲ್ಲಿ ಒಂದು ಲೆಕ್ಕ, ಮುಚ್ಚಿದ ಕೋಣೆಗೆ ಇನ್ನೊಂದು ಲೆಕ್ಕ. ರಸ್ತೆಯಿಂದಲೂ ನೆರೆಮನೆಯಿಂದಲೂ ಬಿಡಬೇಕಾದ ಅಂತರ ಊರಿಂದೂರಿಗೆ ಬೇರೆ. ಪಂಚಾಯತಿಯಲ್ಲೋ ಪುರಸಭೆಯಲ್ಲೋ ಮೊದಲೇ ವಿಚಾರಿಸಿದರೆ, ಕಟ್ಟಿದ ಮೇಲೆ ಕೆಡವುವ ದುಃಖ ತಪ್ಪುತ್ತದೆ.

ಮಧ್ಯದ ದಾರಿ

ಪೂರ್ತಿ ಮುಚ್ಚಬೇಕು, ಇಲ್ಲವೆ ಪೂರ್ತಿ ಬಿಡಬೇಕು ಎಂಬ ಹಟವೇಕೆ? ಮಲೆನಾಡಿನ ಹಿರಿಯರು ಮಳೆಗಾಲದಲ್ಲಿ ಜಗಲಿಯ ಹೊರಬದಿಗೆ ಸೋಗೆಯ ತಟ್ಟಿ ಕಟ್ಟಿ, ಮಳೆ ನಿಂತ ಮೇಲೆ ಬಿಚ್ಚಿಡುತ್ತಿದ್ದರು. ಬೇಕಾದಾಗ ಕೋಣೆ, ಬೇಡವಾದಾಗ ಜಗಲಿ. ಇಂದು ಮಡಿಚುವ ಕದಗಳನ್ನೋ ಸುರುಳಿ ಸುತ್ತುವ ತೆರೆಗಳನ್ನೋ ಬಳಸಿ ನಾವೂ ಹಾಗೆ ಮಾಡಬಹುದು. ಜಗಲಿ ಉದ್ದವಾಗಿದ್ದರೆ ಅರ್ಧವನ್ನು ಮಾತ್ರ ಮುಚ್ಚಬಹುದು. ನಡುಮನೆಯ ಕಿಟಕಿಯ ಎದುರಿಗಿರುವ ಅರ್ಧ ತೆರೆದಿರಲಿ. ತಲೆಬಾಗಿಲಿನಿಂದ ಬೀದಿಗೆ ಹೋಗುವ ದಾರಿ ಹೊಸ ಕೋಣೆಯೊಳಗಿಂದ ಹಾಯದಂತೆಯೂ ಇದರಿಂದ ಆಗುತ್ತದೆ. ಹಾಗೆ ಹಾಯ್ದರೆ ಓದುವ ಮಗುವಿಗೆ ನೆಮ್ಮದಿಯಿಲ್ಲ, ಬರುವ ನೆಂಟರಿಗೆ ಸಂಕೋಚ ತಪ್ಪದು.

ನಮ್ಮ ಮನೆಯಲ್ಲಿ ಕೊನೆಗೆ ಮಾಡಿದ್ದೂ ಇದನ್ನೇ. ಕಟ್ಟಿದ ಗೋಡೆಯಲ್ಲಿ ಅರ್ಧವನ್ನು ಕೆಡವಿಸಿದೆವು. ಉಳಿದ ಅರ್ಧ ಮಗಳ ಕೋಣೆಯಾಗಿ ಉಳಿಯಿತು. ನಡುಮನೆಯ ಮಾಡಿಗೆ ನಾಲ್ಕು ಗಾಜಿನ ಹಂಚುಗಳನ್ನು ಹಾಕಿಸಿದೆವು. ಕಟ್ಟಿಸಿದ ಖರ್ಚಿನ ಮೇಲೆ ಕೆಡವಿಸಿದ ಖರ್ಚು ಸೇರಿತು. ಅಮ್ಮ ಮೊರವನ್ನು ತಾವೇ ಹುಡುಕಿ ತೆಗೆದುಕೊಂಡು ಹಳೆಯ ಜಾಗದಲ್ಲಿ ಕುಳಿತರು. ಊಟದಲ್ಲಿ ಮತ್ತೆ ಕಲ್ಲು ಸಿಕ್ಕಲಿಲ್ಲ.

ಆದುದರಿಂದ ವಾಚಕರಲ್ಲಿ ನನ್ನದೊಂದು ಸಲಹೆ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು, ಗೋಡೆ ಬರಬೇಕಾದ ಕಡೆ ಕಂಬದಿಂದ ಕಂಬಕ್ಕೆ ಗೋಣಿತಟ್ಟನ್ನೋ ಟಾರ್ಪಾಲನ್ನೋ ಕಟ್ಟಿ, ಕಿಟಕಿ ಬರುವಲ್ಲಿ ಮಾತ್ರ ತೆರಪು ಬಿಟ್ಟು ಎಂಟು ದಿನ ಹಾಗೆಯೇ ಬಾಳಿ ನೋಡಿ. ಇದಕ್ಕೆ ಹೆಚ್ಚು ಖರ್ಚಿಲ್ಲ. ಆ ಎಂಟು ದಿನಗಳಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ, ದೀಪ ಹಾಕದೆ, ನಡುಮನೆಯಲ್ಲಿ ಕುಳಿತು ನೀವೇ ಒಂದು ಮೊರ ಅಕ್ಕಿ ಆರಿಸಿ. ಕಲ್ಲು ಕಣ್ಣಿಗೆ ಬಿದ್ದರೆ ಕೆಲಸ ಆರಂಭಿಸಬಹುದು.